ಹಿಂದಕ್ಕೆ ನಡೆಯುವವರು

ಹಂದನಕೆರೆಯ ನಮ್ಮ ಪಕ್ಕದ ಮನೆಯ ಯಜಮಾನರು ಯಾರ ಮನೆಯಿಂದ ಹೊರಡುವಾಗಲೂ ಬೆನ್ನು ತಿರುಗಿಸುತ್ತಿರಲಿಲ್ಲ. ಸೂರನ್ನೇ ನೋಡುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು ಹೊಸ್ತಿಲು ದಾಟುವರು. “ಮೇಲೆ ಕಣ್ಣಿರ್ಲಿ ಕಣಪ್ಪ” ಎಂದರೆ ಅವರು ಹೊರಟರೆಂದೇ ಅರ್ಥ. ತೆಲಂಗಾಣದ ಕಲ್ಲಿದ್ದಲು ಗಣಿಯಲ್ಲಿ ಅಗೆದು ಮುಗಿದ ಜಾಗದಿಂದ ಉಕ್ಕಿನ ಆಸರೆಗಂಬಗಳನ್ನು ಒಂದೊಂದಾಗಿ ಕೀಳುತ್ತ ಹಿಂದೆ ಸರಿಯುವುದು ಅವರ ಕೆಲಸವಾಗಿತ್ತು. ಕಂಬ ಕಿತ್ತ ಕಡೆಯೆಲ್ಲ ಚಾವಣಿ ಕುಸಿಯುತ್ತಿತ್ತಂತೆ.

ನಮ್ಮ ಕೊಬ್ಬರಿ ಅಟ್ಟದ ಮರದ ಕಂಬಗಳಿಗೆ ಗೆದ್ದಲು ಹಿಡಿದು, ಕಬ್ಬಿಣದ ಪೈಪು ನಿಲ್ಲಿಸಿದ ದಿನ ಅವರು ಬಂದರು. ಒಂದು ಪೈಪಿಗೆ ಕಿವಿಯಿಟ್ಟು ಬಹಳ ಹೊತ್ತು ನಿಂತರು.

“ಗಟ್ಟಿ ಐತೆ ಕಣಮ್ಮ. ಆದ್ರೆ ಇದು ಬೀಳೋ ಮುಂಚೆ ಮಾತಾಡಲ್ಲ.”

“ಮರ ಮಾತಾಡ್ತೈತಾ?” ಅಮ್ಮ ನಕ್ಕಳು.

“ಕಿರುಗುಟ್ತೈತೆ. ಓಡ್ರಪ್ಪ ಅಂತೈತೆ. ಕೇಳಿಸ್ಕಂಡೋರು ಉಳ್ಕಂತಾರೆ.”

ಪ್ರತಿ ಪೈಪಿಗೂ ಮೇಲಿನ ತೊಲೆಗೂ ನಡುವೆ ಒಂದೊಂದು ಹಲಸಿನ ಮರದ ತುಂಡು ಬಡಿದು, ಹಿಂದಕ್ಕೆ ನಡೆದು ಹೋದರು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಧ್ಯಾಹ್ನ ಮಣ್ಣು ಮುಗಿಸಿ ಬಂದು, ನಾನೂ ಅಮ್ಮನೂ ಅಟ್ಟದ ಕೆಳಗೆ ನಿಂತಿದ್ದೆವು. ಕೊಬ್ಬರಿ ಮಾರಿಯಾಗಿತ್ತು, ಮೇಲೆ ಒಂದು ಕಾಯಿಯ ಭಾರವೂ ಇರಲಿಲ್ಲ. ಆದರೂ ಒಳಮೂಲೆಯ ಮರದ ತುಂಡು ಕಿರುಗುಟ್ಟಿತು.

ಅಮ್ಮ ನಗಲಿಲ್ಲ. ನನ್ನ ತೋಳು ಹಿಡಿದಳು. ಇಬ್ಬರೂ ಸೂರು ನೋಡುತ್ತ ಹಿಂದಕ್ಕೆ ಹೆಜ್ಜೆಯಿಟ್ಟೆವು. ಮೂಲೆಯ ತುಂಡು ಸುಮ್ಮನಾಯಿತು, ಅದರ ಈಚಿನದು ಕಿರುಗುಟ್ಟಿತು. ಆಮೇಲೆ ಅದರ ಈಚಿನದು. ನಾವು ಸರಿದಂತೆಲ್ಲ ಸದ್ದು ಒಂದೊಂದೇ ಕಂಬ ದಾಟಿ, ನಮ್ಮ ಹೆಜ್ಜೆಯಷ್ಟೇ ನಿಧಾನವಾಗಿ, ಬಾಗಿಲಿನತ್ತ ಬರುತ್ತಿತ್ತು.

ಹೊಸ್ತಿಲಲ್ಲಿ ಅಮ್ಮ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟಳು.