ಬೆಲ್ಲಿಗೆ ಕಟ್ಟಿಹಾಕಿದ ಮಾತ್ರೆ

ಮೂರ್ಛೆ ರೋಗದ ಮಾತ್ರೆ ತಲೆನೋವಿನ ಮಾತ್ರೆಯಲ್ಲ. ತಲೆನೋವಿನದನ್ನು ನೋವು ಬಂದ ಮೇಲೆ ನುಂಗುತ್ತೇವೆ, ಇದನ್ನು ಬಾರದಿರಲೆಂದು ನುಂಗಬೇಕು. ದಿನಕ್ಕೆರಡು ಎಂದು ಚೀಟಿಯಲ್ಲಿ ಬರೆದಿದ್ದರೆ ಮಲಗುವುದರೊಳಗೆ ಹೇಗೋ ಎರಡು ಮುಗಿಸು ಎಂದು ಅರ್ಥವಲ್ಲ. ಎರಡರ ನಡುವೆ ಇಂತಿಷ್ಟು ಗಂಟೆ ಎಂದು ಅರ್ಥ. ಇಷ್ಟು ನಮಗೆಲ್ಲ ಗೊತ್ತಿರಬೇಕಿತ್ತು. ಗೊತ್ತಿಲ್ಲ. ಗೊತ್ತಿದ್ದವರಿಗೆ ಹೇಳಲು ಪುರುಸೊತ್ತಿರಲಿಲ್ಲ. ಈ ನಡುವೆ ಒಬ್ಬ ಹೆಂಗಸಿನ ಬಲಗೈ ಬೆಂದುಹೋಯಿತು.

ಆಕೆ ದೊಡ್ಡ ಲಾಂಡ್ರಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಇಸ್ತ್ರಿ ರೋಲರಿನ ಮುಂದೆ ನಿಂತವಳು. ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳ ಬೆಡ್‌ಶೀಟುಗಳು ಮೂಟೆ ಮೂಟೆಯಾಗಿ ಬಂದು, ಒಗೆಸಿಕೊಂಡು, ಹಿಂಡಿಸಿಕೊಂಡು, ಅರೆತೇವದಲ್ಲಿ ಅವಳ ಕೈಗೆ ಸಿಗುತ್ತವೆ. ಇಬ್ಬರು ಎದುರುಬದುರು ನಿಂತು ಒಂದೊಂದು ಮೂಲೆ ಹಿಡಿದು, ಒಮ್ಮೆ ಜಾಡಿಸಿ, ಅಂಚು ಕೂಡಿಸಿ, ಬಿಸಿ ಉರುಳೆಗಳ ಬಾಯಿಗೆ ಕೊಡಬೇಕು. ನಿಮಿಷಕ್ಕೆ ಮೂರು ಶೀಟು. ಮಾತಾಡಬಹುದು, ಕೈ ನಿಲ್ಲಿಸುವ ಹಾಗಿಲ್ಲ. ಅವಳು ಕೊಟ್ಟ ಶೀಟು ಆ ಬದಿಯಲ್ಲಿ ಒಂದು ಸುಕ್ಕೂ ಇಲ್ಲದೆ ಬರುತ್ತಿತ್ತು, ಅದಕ್ಕೇ ಎಲ್ಲರೂ ಕರೆಯುವುದು ಇಸ್ತ್ರಿಯಕ್ಕ ಎಂದು. ಎದುರಿನ ಜೋಡಿ ಅವಳಿಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ನಿಲ್ಲದವಳು. ಅವಳ ಹೆಸರು ರೇಡಿಯೊ.

ಆ ಲಾಂಡ್ರಿಯಲ್ಲಿ ಒಂದು ನಿಯಮವಿದೆ. ಒಳಗೆ ಹಾಕುವ ನಿಲುವಂಗಿಗೆ ಜೇಬು ಇಲ್ಲ. ಹಿಂದೆಂದೋ ಯಾರದೋ ಜೇಬಿನ ಪೆನ್ನು ಉರುಳೆಯೊಳಗೆ ಬಿದ್ದು ನಲವತ್ತು ಶೀಟು ನೀಲಿಯಾದವಂತೆ. ಅಂದಿನಿಂದ ಹೊಸ ನಿಲುವಂಗಿ ಬಂದರೆ ಮೊದಲು ಜೇಬಿನ ಬಾಯಿ ಹೊಲಿಯುತ್ತಾರೆ. ಬಳೆ, ವಾಚು, ಮೊಬೈಲು, ಸೆರಗಿನ ಗಂಟಿನಲ್ಲಿರುವುದು ಏನಿದ್ದರೂ ಲಾಕರಿನಲ್ಲಿಡಬೇಕು. ಲಾಕರುಗಳ ಸಾಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ, ಅದಕ್ಕೆ ಬೀಗ, ಬೀಗದ ಕೀಲಿ ಮೇಸ್ತ್ರಿಯ ಸೊಂಟದಲ್ಲಿ. ಪಾಳಿಗೆ ಒಂದೇ ವಿರಾಮ. ಬೆಲ್ ಹೊಡೆದಾಗ ಬೀಗ ತೆಗೆಯುತ್ತಾನೆ. ಮುಂದಿನ ಬೆಲ್ಲಿಗೆ ಹಾಕುತ್ತಾನೆ.

ಮದುವೆಯಾದ ಎರಡನೇ ವರ್ಷ ಅವಳಿಗೆ ಫಿಟ್ಸ್ ಶುರುವಾಗಿತ್ತು. ಮಾತ್ರೆ ಕೊಟ್ಟ ವೈದ್ಯರು ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದರು. ಬೆಳಗಿನ ಜಾವ ಖಾಲಿ ಹೊಟ್ಟೆಗೆ ನುಂಗಿದರೆ ಅವಳಿಗೆ ವಾಕರಿಕೆ. ಹಾಗಾಗಿ ಮರುವರ್ಷ ಲಾಂಡ್ರಿಗೆ ಸೇರಿದಾಗ ಹಗಲಿನ ಮಾತ್ರೆಯ ಪಟ್ಟಿಯನ್ನು ಲಾಕರಿನಲ್ಲೇ ಇಟ್ಟಳು. ಒಂಬತ್ತಕ್ಕೆ ವಿರಾಮದ ಬೆಲ್. ಚಹಾ, ಎರಡು ಬನ್ನು, ಮಾತ್ರೆ. ರಾತ್ರಿಯದು ಮನೆಯಲ್ಲಿ, ಊಟವಾದ ಮೇಲೆ ಒಂಬತ್ತಕ್ಕೆ. ಭಾನುವಾರದ ಹಗಲಿಗೆಂದು ಶನಿವಾರವೇ ಪಟ್ಟಿಯಿಂದ ಒಂದು ಮಾತ್ರೆ ಕತ್ತರಿಸಿ ಮನೆಗೆ ತರುವಳು. ಕೇಳಿದವರಿಗೆ ಬಿಪಿ ಮಾತ್ರೆ ಎನ್ನುವಳು. ನಿಜ ಗೊತ್ತಿದ್ದವಳು ರೇಡಿಯೊ ಒಬ್ಬಳೇ, ಮತ್ತು ಆಶ್ಚರ್ಯವೆಂದರೆ ಆ ಒಂದು ಸುದ್ದಿಯನ್ನು ರೇಡಿಯೊ ಎಲ್ಲೂ ಬಿತ್ತರಿಸಲಿಲ್ಲ. ಹದಿಮೂರು ವರ್ಷ ಅವಳು ಒಮ್ಮೆಯೂ ಬೀಳಲಿಲ್ಲ.

ಆಮೇಲೆ ಲಾಂಡ್ರಿಗೆ ಕೆಲಸ ಹೆಚ್ಚಾಯಿತು. ಎರಡು ಪಾಳಿ ಮಾಡಿದರು. ಒಂದು ವಾರ ಬೆಳಿಗ್ಗೆ ಆರರಿಂದ ಎರಡು, ಮುಂದಿನ ವಾರ ಮಧ್ಯಾಹ್ನ ಎರಡರಿಂದ ಹತ್ತು. ಮಧ್ಯಾಹ್ನದ ಪಾಳಿಯ ಬೆಲ್ ಸಂಜೆ ಐದಕ್ಕೆ. ಬೆಲ್ ಸರಿದ ಹಾಗೆ ಹಗಲಿನ ಮಾತ್ರೆಯೂ ಸರಿಯಿತು, ರಾತ್ರಿಯದು ಮನೆ ತಲುಪಿ ಉಂಡ ಮೇಲೆ. ಅವಳೇನೂ ಯೋಚಿಸಿ ಸರಿಸಲಿಲ್ಲ. ಹಗಲಿನ ಮಾತ್ರೆ ಎಂದರೆ ಬೆಲ್ಲಿನ ಮಾತ್ರೆ, ಅದು ಇರುವುದು ಲಾಕರಿನಲ್ಲಿ, ಅಷ್ಟೇ. ಬೆಲ್ಲಿನ ಪ್ರಕಾರ ಹಸಿದು, ಬೆಲ್ಲಿನ ಪ್ರಕಾರ ಶೌಚಕ್ಕೆ ಹೋಗುವವರಿಗೆ ಗಡಿಯಾರ ಬೇರೆ ಯಾಕೆ ಬೇಕು?

ಮೂರನೇ ತಿಂಗಳಲ್ಲಿ ಬಸ್ ನಿಲ್ದಾಣದಲ್ಲಿ ಬಿದ್ದಳು. ಮತ್ತೊಂದು ತಿಂಗಳಿಗೆ ಮನೆಯ ಮೆಟ್ಟಿಲಿನಲ್ಲಿ. ಎರಡು ಸಲವೂ ಸೋಮವಾರ. ಬೀಗ ರಿಪೇರಿ ಮಾಡುವ ಗಂಡ ಭಾನುವಾರದ ಟಿವಿಯನ್ನು ಬೈದ. ಅವನ ತಾಯಿ ಹುಳಿ ತಿನ್ನುವುದನ್ನು ಬೈದರು. ವೈದ್ಯರು ಯಾರನ್ನೂ ಬೈಯಲಿಲ್ಲ, ಹೊರಗೆ ಅರವತ್ತು ಜನ ಕಾದಿದ್ದರು.

"ಮಾತ್ರೆ ತಪ್ಪಿಸ್ತಿದ್ದೀರಾ?"

"ಇಲ್ಲ ಸಾರ್. ಒಂದಿನಾನೂ ತಪ್ಪಿಸಿಲ್ಲ."

ಸುಳ್ಳಲ್ಲ. ಹದಿನೈದು ವರ್ಷದಲ್ಲಿ ಒಂದನ್ನೂ ಬಿಟ್ಟವಳಲ್ಲ. ವೈದ್ಯರು ಡೋಸು ಏರಿಸಿದರು. ಮತ್ತೆ ಬಿದ್ದಾಗ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ, ಮತ್ತೆ ಏರಿಸಿದರು. ಯಾವ ಹೊತ್ತಿಗೆ ನುಂಗುತ್ತೀಯಮ್ಮಾ ಎಂದು ಕೇಳಲು ಎಷ್ಟು ಸೆಕೆಂಡು ಬೇಕು? ನಾನು ಲೆಕ್ಕ ಹಾಕಿದ್ದೇನೆ. ಮೂರು.

ಏರಿದ ಡೋಸಿಗೆ ಅವಳ ತಲೆ ಒದ್ದೆ ಕಂಬಳಿಯಾಯಿತು. ಎದ್ದರೆ ನಿದ್ದೆ, ನಡೆದರೆ ನಿದ್ದೆ. ಸಂಜೆಯಾದರೆ ಒಂದು ಬಲ್ಬು ಎರಡಾಗಿ ಕಾಣುವುದು. ರೋಲರಿನ ಮುಂದೆ ಮೂಲೆ ಕೈಜಾರುವುದು.

"ಏನೇ, ನಿಂತಲ್ಲೇ ಗೊರಕೆನಾ?" ಎಂದು ರೇಡಿಯೊ ಶೀಟಿನ ಆ ತುದಿಯಿಂದ ಕೂಗುವಳು. "ಬೆಡ್‌ಶೀಟ್ ಕೊಟ್ಟಿರೋದು ಇಸ್ತ್ರಿ ಮಾಡೋಕೆ ಕಣೇ, ಹಾಸ್ಕೊಂಡು ಮಲಗೋಕಲ್ಲ!"

"ಮಲಗೋಕೆ ಬಿಟ್ರೆ ಇಲ್ಲೇ ಮಲಗ್ತೀನಿ ಅಕ್ಕಾ."

"ಮಲಗು, ಮಲಗು. ಆ ಕಡೆಯಿಂದ ಮಡಿಸಿ ಎತ್ತಿಡ್ತೀವಿ."

ನಕ್ಕರು. ನಗುತ್ತಲೇ ರೇಡಿಯೊ ತನ್ನ ಕೈಯನ್ನು ಕೆಂಪು ಸರಳಿನ ಹತ್ತಿರಕ್ಕೆ ಸರಿಸಿಕೊಂಡಳು. ತಳ್ಳಿದರೆ ರೋಲರು ನಿಲ್ಲುವ ಸರಳು ಅದು. ಆ ತಿಂಗಳಿನಿಂದ ಅವಳು ಒಂದು ಮೊಣಕೈಯನ್ನು ಸದಾ ಅದರ ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಮಾಡಿದಳು. ಯಾರೂ ಹೇಳಿಕೊಟ್ಟದ್ದಲ್ಲ.

ನಾಲ್ಕನೇ ಸಲ ಬಿದ್ದದ್ದು ಬಟ್ಟೆ ಬದಲಿಸುವ ಕೋಣೆಯಲ್ಲಿ, ಎಲ್ಲರ ಎದುರಿಗೆ. ನಾಲಿಗೆ ಕಚ್ಚಿಕೊಳ್ಳಬಾರದೆಂದು ಯಾರೋ ಬಾಯಿಗೆ ಚಮಚ ತುರುಕಿದರು. ನಾಲಿಗೆ ಉಳಿಯಿತು, ಮುಂದಿನ ಹಲ್ಲು ಮುರಿಯಿತು. ಫಿಟ್ಸ್ ಬಂದಾಗ ಬಾಯಿಗೆ ಏನನ್ನೂ ಇಡಬಾರದು, ಮಗ್ಗುಲಿಗೆ ಹೊರಳಿಸಿ ತಲೆಯಡಿಗೆ ಏನಾದರೂ ಮೆತ್ತನೆಯದನ್ನು ಇಡಬೇಕು. ಸುತ್ತ ಸಾವಿರಾರು ಮೆತ್ತನೆಯ ಟವೆಲುಗಳಿದ್ದವು. ಸಿಕ್ಕಿದ್ದು ಚಮಚ.

ಮರುದಿನ ಮೇಸ್ತ್ರಿ ಕರೆದ. "ಬಿಪಿ ಅಂದಿದ್ದೆಯಲ್ಲಮ್ಮಾ?"

ಅವಳು ಮುರಿದ ಹಲ್ಲಿಗೆ ಕೈ ಅಡ್ಡ ಹಿಡಿದಳು.

"ಇನ್ನೊಂದ್ಸಲ ಬಿದ್ರೆ ನಾನೇನೂ ಮಾಡೋಕಾಗಲ್ಲ. ಮನೇಲಿರು ಅಂತಾರೆ ಮೇಲಿನವರು. ನಾನೂ ಸಂಸಾರಸ್ಥ, ನನ್ನ ತಲೆ ಮೇಲೆ ತರಬೇಡ."

ಬಿದ್ದರೆ ಕೆಲಸ ಹೋಯಿತು. ಬೀಳದಿರಲು ಇರುವ ಮಾತ್ರೆಯೋ ನಿಂತಲ್ಲೇ ಮಲಗಿಸುತ್ತದೆ. ಆ ವಾರ ಅವಳು ಗಂಡನಿಗೆ ಹೇಳಿದಳು: "ಸಾಕಾಗಿದೆ ರೀ. ನುಂಗಿದ್ರೂ ಬೀಳ್ತೀನಿ, ನುಂಗದಿದ್ರೂ ಬೀಳ್ತೀನಿ. ಬಿಟ್ಟೇಬಿಡ್ಲಾ?"

ಬೀಗದೊಳಗಿನ ಸ್ಪ್ರಿಂಗು ಹುಡುಕುತ್ತಿದ್ದವನು ತಲೆ ಎತ್ತಲಿಲ್ಲ. "ಬಿಟ್ರೆ ಏನಾಗುತ್ತೋ ನನಗೂ ಗೊತ್ತಿಲ್ಲ. ಆದ್ರೆ ಆ ಮೊದಲನೇ ವರ್ಷದ್ದು ನಾನು ನೋಡಿದೀನಿ, ನೀನು ನೋಡಿಲ್ಲ. ನುಂಗು ಮಾರಾಯ್ತಿ."

ನುಂಗಿದಳು. ಬೆಲ್ಲಿಗೆ ಸರಿಯಾಗಿ.

ಮುಂದಿನ ಮಧ್ಯಾಹ್ನದ ಪಾಳಿಯ ಸೋಮವಾರ, ನಾಲ್ಕು ಗಂಟೆ ಸುಮಾರಿಗೆ, ಒಂದು ಡಬಲ್ ಶೀಟಿನ ಅಂಚು ಕೂಡಿಸುತ್ತಿದ್ದವಳು ಹಾಗೇ ನಿಂತಳು. ರೇಡಿಯೊ ಏನೋ ಹೇಳುತ್ತಿದ್ದಳು, ಉತ್ತರ ಬರಲಿಲ್ಲ. ನೋಡುವಷ್ಟರಲ್ಲಿ ಇಸ್ತ್ರಿಯಕ್ಕನ ಬೆರಳು ಶೀಟಿಗೆ ಬಿಗಿದುಕೊಂಡಿತ್ತು, ಶೀಟು ಉರುಳೆಯೊಳಗೆ ಹೋಗುತ್ತಿತ್ತು. ರೇಡಿಯೊ ಮೊಣಕೈಯಿಂದ ಸರಳು ತಳ್ಳಿದಳು. ರೋಲರು ನಿಂತಿತು. ಬಿಸಿ ನಿಲ್ಲಲಿಲ್ಲ. ಮಣಿಕಟ್ಟಿನಿಂದ ಮೊಣಕೈಯವರೆಗಿನ ಚರ್ಮ ಹೋಯಿತು. ಒಂದು ಕ್ಷಣ ತಡವಾಗಿದ್ದರೆ ಕೈಯೇ ಹೋಗುತ್ತಿತ್ತು ಎಂದು ಎಲ್ಲರೂ ಅಂದರು, ಏನೋ ಲಾಭವಾದವರ ಹಾಗೆ.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟುತ್ತಿದ್ದ ನರ್ಸ್ ಮಾತಿಗೆ ಮಾತು ಎಂಬಂತೆ ಕೇಳಿದಳು: "ಇವತ್ತಿನ ಮಾತ್ರೆ ಎಷ್ಟು ಗಂಟೆಗೆ ತಗೊಂಡ್ರಮ್ಮಾ?"

"ಇವತ್ತಿಂದು ಇನ್ನೂ ಇಲ್ಲ ಸಿಸ್ಟರ್. ಬೆಲ್ ಆಗಿರಲಿಲ್ಲ."

"ಬೆಲ್ಲಾ?"

ಲಾಕರು, ಬೆಲ್ಲು, ಪಾಳಿ ಎಲ್ಲ ಹೇಳಿದಳು. ನರ್ಸ್ ಪಟ್ಟಿ ಸುತ್ತುವುದನ್ನು ನಿಲ್ಲಿಸಿ ಬೆರಳು ಮಡಿಸಿದಳು.

"ನಿನ್ನೆ ರಾತ್ರಿ ಒಂಬತ್ತಕ್ಕೆ ಒಂದು. ಆಮೇಲೆ ಇವತ್ತು ಸಂಜೆ ಐದಕ್ಕೆ. ಇಪ್ಪತ್ತು ಗಂಟೆ ಆಯ್ತಲ್ಲಮ್ಮಾ! ಹನ್ನೆರಡು ಗಂಟೆ ಕಾಯೋ ಮಾತ್ರೆನ ಇಪ್ಪತ್ತು ಗಂಟೆ ಕಾವಲಿಗೆ ನಿಲ್ಲಿಸಿದ್ರೆ ಅದೇನು ಮಾಡುತ್ತೆ?"

"ಒಂದೂ ತಪ್ಪಿಸಿಲ್ಲ ಸಿಸ್ಟರ್," ಎಂದಳು ಇಸ್ತ್ರಿಯಕ್ಕ. ಅವಳಿಗೆ ಇದ್ದ ಒಂದೇ ಹೆಮ್ಮೆ ಅದು.

"ತಪ್ಪಿಸಿಲ್ಲ, ಗೊತ್ತು. ಹೊತ್ತು ತಪ್ಪಿದೆ." ನರ್ಸ್ ದನಿ ತಗ್ಗಿಸಿದಳು. "ನಿಮಗೆ ಯಾರೂ ಹೇಳಲಿಲ್ಲ ಅಲ್ವಾ? ಇನ್ಮೇಲೆ ಹೊತ್ತು ಗೊತ್ತು ಮಾಡ್ಕೊಳ್ಳಿ. ನೀವಾಗೇ ನಿಲ್ಲಿಸಬೇಡಿ, ದಿಢೀರ್ ನಿಲ್ಲಿಸಿದ್ರೆ ಜೋರಾಗಿ ಬರುತ್ತೆ. ಒಂದು ಮರೆತ್ರೆ ಎರಡು ಒಟ್ಟಿಗೆ ನುಂಗೋದೂ ಬೇಡ, ಫೋನ್ ಮಾಡಿ ಕೇಳಿ. ಮತ್ತೆ ನಿದ್ದೆ ಕೆಡಬಾರದು. ನಿದ್ದೆ ಕೆಟ್ರೂ ಫಿಟ್ಸ್ ಬರುತ್ತೆ."

ಹದಿನೈದು ವರ್ಷದ ಚಿಕಿತ್ಸೆಯಲ್ಲಿ ಅವಳಿಗೆ ಸಿಕ್ಕ ಅತಿ ಉದ್ದನೆಯ ವಿವರಣೆ ಇದು. ಹೇಳಿದವಳು ಸುಟ್ಟಗಾಯದ ವಾರ್ಡಿನ ನರ್ಸ್. ಸುಡುವ ಮೊದಲು ಹೇಳುವವರು ಯಾರೂ ಇರಲಿಲ್ಲ.

ಬೇರೆ ವೈದ್ಯರು ನೋಡಿದರು. ಹನ್ನೆರಡು ಗಂಟೆಗೊಂದು, ಬೆಳಿಗ್ಗೆ ಒಂಬತ್ತು, ರಾತ್ರಿ ಒಂಬತ್ತು ಎಂದು ದೊಡ್ಡಕ್ಷರದಲ್ಲಿ ಬರೆದುಕೊಟ್ಟರು. ಏರಿಸಿದ ಡೋಸನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿದರು. ಆರು ತಿಂಗಳು ರೋಲರಿನ ಹತ್ತಿರ ಬಿಡಬಾರದು, ಕೂತು ಮಾಡುವ ಕೆಲಸ ಕೊಡಬಹುದು ಎಂದು ಲಾಂಡ್ರಿಗೆ ಪತ್ರ ಬರೆದರು. ರೇಡಿಯೊ ಹೋಗಿ ಮೇಸ್ತ್ರಿಯ ಮೇಜು ಗುದ್ದಿದ್ದಕ್ಕೋ, ಕೈ ಸುಟ್ಟ ಸುದ್ದಿ ಹೊರಗೆ ಹೋಗದಿರಲೆಂದೋ, ಇಸ್ತ್ರಿಯಕ್ಕನಿಗೆ ಟವೆಲು ಮಡಿಸುವ ಮೇಜಿನಲ್ಲಿ ಜಾಗ ಸಿಕ್ಕಿತು.

ಸಿಗದಿದ್ದದ್ದು ಎರಡು ನಿಮಿಷ.

ಬೆಳಗಿನ ಪಾಳಿಯ ವಾರ ತೊಂದರೆಯಿಲ್ಲ. ಮಧ್ಯಾಹ್ನದ ಪಾಳಿಯಲ್ಲಿ ರಾತ್ರಿ ಒಂಬತ್ತಕ್ಕೆ ಅವಳು ಮೇಜಿನ ಮುಂದೆ ಇರುತ್ತಾಳೆ, ಮಾತ್ರೆ ಬೀಗದ ಹಿಂದೆ ಇರುತ್ತದೆ. "ಸಾರ್, ಒಂಬತ್ತಕ್ಕೆ ಎರಡು ನಿಮಿಷ ಲಾಕರ್ ತೆಗೆದ್ರೆ ಸಾಕು," ಎಂದು ಕೇಳಿದಳು.

"ಒಬ್ಬರಿಗೆ ತೆಗೆದ್ರೆ ನಾಳೆ ನಲವತ್ತು ಜನ ಬರ್ತಾರಮ್ಮಾ. ಬೆಲ್ ಐದಕ್ಕೆ ಇದೆಯಲ್ಲ? ಬೆಳಿಗ್ಗೆ ಐದಕ್ಕೆ ಎದ್ದು ಒಂದು ನುಂಗು, ಸಂಜೆ ಬೆಲ್ಲಿಗೆ ಒಂದು ನುಂಗು. ಲೆಕ್ಕ ಸರಿಹೋಯ್ತಲ್ಲ?"

ಲೆಕ್ಕ ಸರಿ. ವೈದ್ಯರನ್ನು ಕೇಳಿ ಹಾಗೇ ಬದಲಿಸಿಕೊಂಡಳು. ಆದರೆ ಹತ್ತಕ್ಕೆ ಪಾಳಿ ಬಿಟ್ಟು, ಬಸ್ಸು ಹಿಡಿದು, ಉಂಡು ಮಲಗುವಾಗ ಹನ್ನೆರಡು. ಐದಕ್ಕೆ ಅಲಾರಾಂ. ಒಂದೇ ಕೋಣೆಯ ಮನೆ. ಅವಳೆದ್ದರೆ ದೀಪ, ದೀಪವಾದರೆ ಅತ್ತೆಯ ಕೆಮ್ಮು, ಕೆಮ್ಮಾದರೆ ಮಗಳ ಗೊಣಗಾಟ. ಮತ್ತೆ ನಿದ್ದೆ ಹತ್ತುವುದಿಲ್ಲ. ನಿದ್ದೆ ಕೆಡಬಾರದು ಎಂದಿದ್ದಳಲ್ಲ ನರ್ಸ್? ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳ ಎಡಗೈ ತಾನಾಗಿಯೇ ಎರಡು ಸಲ ಜಗ್ಗಿತು. ಕೈಯಲ್ಲಿದ್ದ ಲೋಟ ಬಿತ್ತು. ಅದರಾಚೆ ಏನೂ ಆಗಲಿಲ್ಲ. ಆದರೆ ಅವಳಿಗೆ ಅರ್ಥವಾಯಿತು. ವೈದ್ಯರಿಗೂ ಅರ್ಥವಾಗಿ, ಮಾತ್ರೆಯನ್ನು ಮತ್ತೆ ಒಂಬತ್ತಕ್ಕೇ ತನ್ನಿ, ಲಾಂಡ್ರಿಯವರಿಗೆ ಹೇಳಿ ಎಂದು ಎರಡನೇ ಪತ್ರ ಕೊಟ್ಟರು.

ಗಂಡನಿಗೆ ರೇಗಿತು. "ಆ ಬೀಗ ನಾನು ನೋಡಿದೀನಿ. ಕಣ್ಣು ಮುಚ್ಕೊಂಡು ಕೀಲಿ ಮಾಡ್ತೀನಿ. ಮಾಡ್ಕೊಡ್ಲಾ?"

"ಬೇಡ. ನನ್ನ ಔಷಧಿನ ನಾನೇ ಕದ್ದು ನುಂಗೋದಾ?"

"ಕೇಳಿದ್ರೆ ಕೊಡಲ್ಲ, ಕದಿಯೋಕೆ ನೀನು ಬಿಡಲ್ಲ!"

ಮೇಸ್ತ್ರಿ ಎರಡನೇ ಪತ್ರ ಓದಿದ, ಮಡಿಸಿದ, ಮೇಲಕ್ಕೆ ಕಳಿಸುತ್ತೇನೆ ಎಂದ. ಕಳಿಸಿದ್ದಾನೆ ಕೂಡ. ಅವನು ಕೆಟ್ಟವನಲ್ಲ, ಅದೇ ಬೇಜಾರು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಪತ್ರ ಹೋಗಿ ಏಳು ವಾರವಾಯಿತು. ಮೇಲೆ ಯಾರು ಓದುತ್ತಾರೋ, ಅವರ ಜೇಬಿಗೆ ಹೊಲಿಗೆ ಬಿದ್ದಿಲ್ಲ ಎಂದು ಮಾತ್ರ ನನಗೆ ಗೊತ್ತು. ಅಲ್ಲಿಯವರೆಗೆ ಅವಳು ಐದಕ್ಕೆ ಏಳುತ್ತಾಳೆ, ನುಂಗುತ್ತಾಳೆ, ಗೋಡೆಗೊರಗಿ ಕೂರುತ್ತಾಳೆ. ಮಧ್ಯಾಹ್ನ ಹೋಗಿ ಟವೆಲು ಮಡಿಸುತ್ತಾಳೆ. ಬೆಂದ ಕೈ ಪೂರ್ತಿ ಚಾಚಿಕೊಳ್ಳುವುದಿಲ್ಲ, ಹಾಗಾಗಿ ದೊಡ್ಡ ಟವೆಲಿಗೆ ಗಲ್ಲದ ಆಸರೆ ಕೊಡುತ್ತಾಳೆ.

ಇದನ್ನು ಓದುತ್ತಿರುವ ನೀವು ಎಲ್ಲೋ ಒಂದು ಕಡೆ ಮೇಲಿನವರೇ. ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ, ಕಡೆಗೆ ನಿಮ್ಮ ಮನೆಯ ಪಾತ್ರೆ ತೊಳೆಯುವವಳಿಗಾದರೂ. ಔಷಧಿ ಕೊಡುವವರಾಗಿದ್ದರೆ, ಯಾವ ಹೊತ್ತಿಗೆ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಕೆಲಸ ಕೊಡುವವರಾಗಿದ್ದರೆ, ನಿಮ್ಮ ಕೈಕೆಳಗಿನವರು ಮಾತ್ರೆ ನುಂಗಬೇಕು ಎಂದಾಗ ಏನು ರೋಗ ಎಂದು ಕೇಳಬೇಡಿ, ಪತ್ರ ತಾ ಎನ್ನಬೇಡಿ, ಮೇಲಕ್ಕೆ ಕಳಿಸಬೇಡಿ. ಎದ್ದು ಹೋಗಿ ಬೀಗ ತೆಗೆಯಿರಿ. ಇವತ್ತೇ.