ಕ್ಲಾರ್ನೆಟ್ಟಿನ ಮುರಿದ ಕೀಲಿ

ನಮ್ಮ ಕಾಕಾನ ಬ್ಯಾಂಡ್ ಕಂಪನಿಯಲ್ಲಿ ನೊಟೇಶನ್ ಓದಬಲ್ಲವರು ಯಾರೂ ಇಲ್ಲ. ಆದರೂ ಅದನ್ನು ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ತಿಕೋಟಾದ ಶಾಲೆಯಲ್ಲಿ ಸಂಗೀತ ಕಲಿಸಿ, ಸಂಜೆ ಬಸ್ಸಿಗೆ ವಿಜಯಪುರಕ್ಕೆ ಬಂದು, ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆಯುತ್ತೇನೆ. ಮದುವೆ ಮೆರವಣಿಗೆಗೆ ಬೇಕಾದ ಹಾಡು ಯಾವುದೇ ಇರಲಿ, ಸಾಫ್ಟ್‌ವೇರಿನಲ್ಲಿ ಒಂದೊಂದು ವಾದ್ಯಕ್ಕೆ ಒಂದೊಂದು ಸಾಲು ಮಾಡಿ ಸ್ವರ ಕೂರಿಸುತ್ತೇನೆ. ಪ್ಲೇ ಒತ್ತಿದರೆ ಕಂಪ್ಯೂಟರು ತಾನೇ ನುಡಿಸುತ್ತದೆ. ಆ ಸಾಲುಗಳನ್ನು ಬೇರೆ ಮಾಡಿ ಅವರವರ ಮೊಬೈಲಿಗೆ ಕಳಿಸುತ್ತೇನೆ. ಟ್ರಂಪೆಟ್ಟಿನವನು ತನ್ನದನ್ನು, ಡ್ರಮ್ಮಿನವನು ತನ್ನದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಕಳಿಸಿದ್ದರಲ್ಲಿ ತಪ್ಪಿದ್ದರೆ ಆ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯುತ್ತಾರೆ.

ಕ್ಲಾರ್ನೆಟ್ ನಮ್ಮಣ್ಣನದು, ಅಪ್ಪನಿಂದ ಬಂದ ವಾದ್ಯ. ಅದರ ಮೈಮೇಲೆ ಬೆರಳಿಂದ ಒತ್ತುವ ಕೀಲಿಗಳಲ್ಲಿ ಒಂದು ಮುರಿದಿತ್ತು. ತೀವ್ರ ಮಧ್ಯಮ ಸ್ವರ ಊದಲು ಹೋದರೆ ನಾಯಿಮರಿಯ ಬಾಲ ತುಳಿದಂತೆ ಕುಂಯ್ ಎನ್ನುತ್ತಿತ್ತು. "ಈ ಸೀಜನ್ ಮುಗೀಲಿ, ಮಿರಜಿಗೆ ಒಯ್ದು ರಿಪೇರಿ ಮಾಡಸ್ತೀನಿ" ಎಂದು ಪ್ರತಿ ವರ್ಷ ಹೇಳುತ್ತಿದ್ದ. ಸೀಜನ್ ಮುಗಿಯುತ್ತಿತ್ತು, ಕೀಲಿ ಹಾಗೇ ಇರುತ್ತಿತ್ತು. ಹಾಗಾಗಿ ಆ ಸ್ವರ ಬಂದಲ್ಲೆಲ್ಲ ಅವನ ಸಾಲಿನಲ್ಲಿ ನಾನು ಜಾಗ ಖಾಲಿ ಬಿಡುತ್ತಿದ್ದೆ. ಒಮ್ಮೆ ಅದನ್ನು ಟ್ರಂಪೆಟ್ಟಿಗೆ ಕೊಟ್ಟು ನೋಡಿದೆ. ಅಣ್ಣ ಮುಖ ಗಂಟಿಕ್ಕಿಕೊಂಡ.

"ನನ್ನ ಬಾಯಾಗಿನ ತುತ್ತು ಅವಗ್ಯಾಕ ಕೊಡ್ತಿ ಬೇ?"

ಕೊನೆಗೆ ಇಬ್ಬರೂ ಕೂತು ಒಂದು ಉಪಾಯ ಮಾಡಿದೆವು. ಖಾಲಿ ಜಾಗದಲ್ಲಿ ದೊಡ್ಡ ಡ್ರಮ್ಮಿನ ಒಂದು ಪೆಟ್ಟು. ಕ್ಲಾರ್ನೆಟ್ ನಿಲ್ಲುವುದು, ಡ್ರಮ್ಮು ಧಡ್ ಎನ್ನುವುದು, ಕ್ಲಾರ್ನೆಟ್ ಮುಂದಕ್ಕೆ ಹೋಗುವುದು. ಅಣ್ಣ ತೊಡೆ ತಟ್ಟಿಕೊಂಡು ನಕ್ಕ. "ಕುಣಿಯಾವ್ರಿಗೆ ಇನ್ನೂ ಚಲೋ ಆತು ನೋಡು." ನಿಜವೇ ಆಗಿತ್ತು. ಮೆರವಣಿಗೆಯಲ್ಲಿ ಹುಡುಗರು ಆ ಪೆಟ್ಟಿಗೇ ಕಾದು ಎಗರುತ್ತಿದ್ದರು.

ಹೋದ ಚಳಿಗಾಲದಲ್ಲಿ ಎದೆನೋವೆಂದು ಮಲಗಿದ ಅಣ್ಣ ಏಳಲಿಲ್ಲ. ನನಗೆ ಅಳು ಬರಲಿಲ್ಲ. ಮನೆಗೆ ಬಂದವರೆಲ್ಲ ತಡವಾದ ಬಸ್ಸಿಗೆ ಕಾಯುವವರಂತೆ ನನ್ನ ಮುಖ ನೋಡುತ್ತಿದ್ದರು. "ಅತ್ತು ಬಿಡ ಬೇ, ಹಗುರ ಆಗ್ತೈತಿ" ಎಂದಳು ಬಿಜ್ಜರಗಿಯಿಂದ ಬಂದ ದೊಡ್ಡವ್ವ. ತಿರುವಿದ ಕೂಡಲೇ ಬರಲು ಅದೇನು ನಳದ ನೀರೇ? ಸಿಟ್ಟು ಬಂತು, ಅದೂ ಅರೆಮನಸ್ಸಿನ ಸಿಟ್ಟು. ಮತ್ತೆ ಶಾಲೆಗೆ ಹೋದೆ, ಮಕ್ಕಳಿಗೆ ಸರಿಗಮ ಹೇಳಿಸಿದೆ. ಹಸಿವಿರಲಿಲ್ಲ, ಬಡಿಸಿದ್ದನ್ನು ಉಣ್ಣುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ಹಳೆಯ ಹಾಡೊಂದನ್ನು ತೆರೆದು ಪ್ಲೇ ಒತ್ತಿದೆ. ಕಂಪ್ಯೂಟರಿನ ಕ್ಲಾರ್ನೆಟ್ ಅಣ್ಣ ಇದ್ದಾಗ ಹೇಗೆ ನುಡಿಯುತ್ತಿತ್ತೋ ಹಾಗೇ ನುಡಿಯಿತು, ನೆಗಡಿಯಾದವರ ದನಿಯಲ್ಲಿ. ಒಳಗೆ ಏನಾದರೂ ಆದೀತೆಂದು ಕಾದೆ. ಏನೂ ಆಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು ಬಟ್ಟೆ ಒಗೆಯಲು ಹೋದೆ.

ಮದುವೆಯ ಸೀಜನ್ನಿಗೆ ಕಾಕಾ ಹೊಸ ಕ್ಲಾರ್ನೆಟ್ಟಿನವನನ್ನು ಮನೆಗೆ ಕರೆತಂದ. ನಿಡೋಣಿಯ ನಡುವಯಸ್ಸಿನ ಗಂಡಸು. ಅವನ ವಾದ್ಯದ ಕೀಲಿಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ಲ್ಯಾಪ್‌ಟಾಪಿನಲ್ಲಿ ಅಣ್ಣನ ಸಾಲು ಕೇಳಿಸಿದೆ.

"ಅಕ್ಕಾರ, ನಡುನಡುವ ಯಾಕ ನಿಂದ್ರತೈತ್ರಿ ಇದು?" ಎಂದ.

"ನಮ್ಮ ಹುಡುಗನ ಕೀಲಿ ಮುರದಿತ್ತಪ್ಪಾ" ಎಂದ ಕಾಕಾ ನನ್ನ ಕಡೆ ತಿರುಗಿದ. "ಎಲ್ಲಾ ಹಾಡೂ ಸರಿ ಮಾಡಿಬಿಡವ್ವಾ. ಇನ್ನ ಆ ಸ್ವರ ಬಿಡೂದು ಬ್ಯಾಡ."

ಕಾಕಾ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಹಾಡುಗಳಲ್ಲಿ ಸ್ವರಗಳೆಲ್ಲ ಸಿನಿಮಾದವರವು, ಅಣ್ಣನದೆಂದು ಇದ್ದದ್ದು ಆ ಖಾಲಿ ಜಾಗಗಳಷ್ಟೇ. ಅವನ್ನೂ ತುಂಬಿಬಿಟ್ಟರೆ ಅವನ ಗುರುತು ಎಲ್ಲಿಯೂ ಉಳಿಯುವುದಿಲ್ಲ ಎಂದು ಹೇಳಬೇಕೆನಿಸಿತು. ಆದರೂ "ಆತು ಕಾಕಾ" ಎಂದೆ.

ರವಿವಾರ ಕೂತು ಮುಗಿಸಿದೆ. ಖಾಲಿ ಜಾಗ ಹುಡುಕುವುದು, ಸ್ವರ ಹಾಕುವುದು. ಹಾಕಿದಾಗಲೆಲ್ಲ ಕಂಪ್ಯೂಟರು ಆ ಒಂದೇ ಸ್ವರವನ್ನು ಊದಿ ತೋರಿಸುತ್ತದೆ. ಕೈ ಅಕ್ಕಿ ಆರಿಸುವಾಗಿನಂತೆ ತನ್ನಷ್ಟಕ್ಕೆ ತಾನು ಓಡುತ್ತಿತ್ತು, ಮನಸ್ಸು ಎಲ್ಲಿಯೂ ಇರಲಿಲ್ಲ. ಕ್ಲಾರ್ನೆಟ್ಟಿನ ಸಾಲನ್ನಷ್ಟೇ ಕೇಳಿ ನೋಡಿ, ಸರಿಯಾಗಿದೆ ಎಂದುಕೊಂಡು, ಅದೊಂದನ್ನೇ ಹೊಸಬನಿಗೆ ಕಳಿಸಿದೆ. ಅಣ್ಣನನ್ನು ಅಳಿಸಿದ್ದೇನೆ ಎಂದು ಗೊತ್ತಿತ್ತು. ನೋವು ಮಾತ್ರ ಆಗಲಿಲ್ಲ. ಇಂಥವಳೂ ಒಬ್ಬಳು ತಂಗಿಯೇ ಎಂದು ನನ್ನ ಮೇಲೇ ಹೇಸಿಕೆ ಬಂತು.

ಎಲ್ಲರೂ ಕೂಡಿ ನುಡಿಸಿ ನೋಡಲು ಪುರುಸೊತ್ತು ಸಿಗಲಿಲ್ಲ. ಮೊದಲ ಮದುವೆ ಬಬಲೇಶ್ವರದಲ್ಲಿ, ನಮ್ಮ ನೆಂಟರದೇ. ರೇಷ್ಮೆ ಸೀರೆ ಉಟ್ಟು ನಾನೂ ಮೆರವಣಿಗೆಯ ಹಿಂದೆ ನಡೆದೆ. ಹೊಸಬ ಚೆನ್ನಾಗಿಯೇ ಊದಿದ, ಸುಳ್ಳು ಹೇಳಬಾರದು. ಆ ಸ್ವರದ ಜಾಗ ಬಂತು. ಧಡ್! ಪೆಟ್ಟಿನ ಕೆಳಗೆ ಅವನ ತೀವ್ರ ಮಧ್ಯಮ ಕೇಳಿಸಲೇ ಇಲ್ಲ. ಮುಂದಿನ ಸುತ್ತಿನಲ್ಲಿಯೂ ಅದೇ ಜಾಗಕ್ಕೆ ಧಡ್! ಹುಡುಗರು ಎಗರಿದರು. ಡ್ರಮ್ಮಿನ ಸಾಲನ್ನು ನಾನು ಮುಟ್ಟಿಯೇ ಇಲ್ಲ ಎಂದು ಆಗ ಹೊಳೆಯಿತು.

ಡ್ರಮ್ಮಿನವನು ಅಣ್ಣನ ಜೊತೆ ಶಾಲೆ ಕಲಿತವನು. ಪೆಟ್ಟು ಕೊಡುವ ಮುಂಚೆ ಅಣ್ಣ ಇರುತ್ತಿದ್ದ ಎಡಗಡೆಗೆ ಒಮ್ಮೆ ಕತ್ತು ತಿರುಗಿಸುವುದು ಅವನ ರೂಢಿ. ಹೊಸಬ ಬಲಗಡೆ ನಿಂತಿದ್ದ. ಡ್ರಮ್ಮಿನವನು ಈಗಲೂ ಎಡಕ್ಕೇ ತಿರುಗುತ್ತಿದ್ದ. ಅಲ್ಲಿ ಯಾರೂ ಇರಲಿಲ್ಲ. ಆದರೂ ಪ್ರತಿ ಸಲ ನೋಡುತ್ತಿದ್ದ, ನೋಡಿಯೇ ಬಾರಿಸುತ್ತಿದ್ದ. ಅಷ್ಟು ಜನರ ನಡುವೆ ನನಗೆ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ.

ಹಾಡು ಮುಗಿದು ಎಲ್ಲರೂ ನೀರು ಕುಡಿಯುವಾಗ ಕಾಕಾ ಡ್ರಮ್ಮಿನವನ ಮೇಲೆ ರೇಗಿದ. "ಡ್ರಮ್ಮಿನ ಪೆಟ್ಟು ತಗದೇ ಇಲ್ಲೇನು ನೀ?"

"ತಂಗಿ ಕಳಿಸಿದ್ದೇ ಹಂಗೈತ್ರಿ" ಎಂದ ಡ್ರಮ್ಮಿನವನು. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದ. "ನೀ ಹೂಂ ಅನ್ನು, ಬಿಟ್ಟು ಬಿಡ್ತೀನಿ."

"ಬಿಡಬ್ಯಾಡ ಅಣ್ಣಾ" ಎಂದೆ.

ಆ ಶಬ್ದ ನನ್ನ ಬಾಯಿಂದ ಬಂದು ಬಹಳ ದಿನವಾಗಿತ್ತು.