ಚರ್ಚಿನ ನಂಬರಿಗೆ ಬಂದ ಮೊದಲ ಕರೆ

ಹರಿಹರದ ನಮ್ಮ ಚರ್ಚಿನ ವೆಬ್‌ಸೈಟು ನೆಟ್‌ನಲ್ಲಿ ಹುಡುಕಿದವರಿಗೆ ಸಿಗುವಂತೆ ಮಾಡಲು ಹೊರಟವನು ನಾನು. ಮ್ಯಾಪು ಜನರನ್ನು ತುಂಗಭದ್ರೆಗೆ ಇಳಿಸೀತು, ಭಾನುವಾರದ ಪೂಜೆಯ ವೇಳೆ ತಪ್ಪೀತು, ಫೋನುಗಳು ಫಾದರ್ ನಿದ್ದೆ ಕೆಡಿಸಿಯಾವು ಎಂದೆಲ್ಲ ಹೆದರಿ, ಕೊನೆಗೆ ನನ್ನ ನಂಬರನ್ನೇ ಹಾಕಿದೆ.

ಮೊದಲ ಕರೆ ದಾವಣಗೆರೆಯ ಆಸ್ಪತ್ರೆಯಿಂದ ಬಂತು.

“ಫಾದರ್ ಏನ್ರಿ? ನೆಟ್‌ನಾಗ ನಂಬರ್ ಸಿಕ್ತು. ಮಗಳನ್ನ ಈಗ ಆಪರೇಷನ್ನಿಗೆ ಒಳಗ ಕರ್ಕೊಂಡು ಹೋದ್ರು. ನಾವು ನಿಮ್ ಚರ್ಚಿನೋರಲ್ರಿ, ಆದ್ರೂ ಒಂದು ಮೇಣದಬತ್ತಿ ಹಚ್ತೀರಾ?”

“ನಾನು ಫಾದರ್ ಅಲ್ಲಮ್ಮ, ಬರೀ ವೆಬ್‌ಸೈಟ್ ನೋಡ್ಕೊಳ್ಳೋನು.”

“ಯಾರಾದ್ರೇನಣ್ಣ, ಜಲ್ದಿ ಹಚ್ರಿ!”

ಓಡಿಹೋಗಿ ಹಚ್ಚಿದೆ. ಹೆದರಿದ್ದು ಒಂದೂ ಆಗಲಿಲ್ಲ. ಮಗಳ ಹೆಸರು ಕೇಳುವುದನ್ನು ಮಾತ್ರ ಮರೆತಿದ್ದೆ. ತಿರುಗಿ ಫೋನ್ ಮಾಡಿದರೆ ಆ ತಾಯಿಯ ಎದೆ ಧಸಕ್ಕೆಂದೀತು ಎಂಬ ಹೊಸ ಚಿಂತೆ ಬೇರೆ. ಕೈಮುಗಿದು, “ದಾವಣಗೆರೆ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಪ್ರಭುವೇ. ದಯವಿಟ್ಟು ನೀನೇ ಹುಡುಕಿಕೋ” ಎಂದೆ.